ಕರಟದಲ್ಲೇ ಹೂ ಬಿಟ್ಟ ಮೆಣಸಿನ ಸಸಿ

ರಾಜಾಜಿನಗರದ ನಮ್ಮ ಬಾಡಿಗೆ ಮನೆಯ ಹಿತ್ತಿಲಿಗೆ ವರ್ಷದಲ್ಲಿ ಕೆಲವೇ ತಿಂಗಳು ಬಿಸಿಲು. ಹಿತ್ತಿಲು ಮನೆಯ ಉತ್ತರಕ್ಕಿತ್ತು, ನಮ್ಮ ತಲೆಯ ಮೇಲೆ ಮಾಲೀಕರ ಮಹಡಿ ಇತ್ತು. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿದಾಗ ಎರಡಂತಸ್ತಿನ ನೆರಳು ಹಿತ್ತಿಲನ್ನು ಪೂರ್ತಿ ಮುಚ್ಚಿಬಿಡುತ್ತಿತ್ತು. ಶಿವರಾತ್ರಿ ಹತ್ತಿರವಾದಾಗ ಬಿಸಿಲು ಕಾಂಪೌಂಡ್ ಗೋಡೆಯಿಂದ ಮೆಲ್ಲಗೆ ಕೆಳಗಿಳಿದು ನೆಲ ಮುಟ್ಟುತ್ತಿತ್ತು. ಅದರ ಸುಖವೂ ಬಹಳ ದಿನ ಇರುತ್ತಿರಲಿಲ್ಲ. ಕಾರಹುಣ್ಣಿಮೆಯ ಹೊತ್ತಿಗೆ ಮಳೆ ಹಿಡಿಯುತ್ತಿತ್ತು. ಹಿತ್ತಿಲು ತಗ್ಗಿನಲ್ಲಿದ್ದುದರಿಂದ ಸಾಲುಮನೆಗಳ ನೀರೆಲ್ಲ ಹರಿದು ಬಂದು ಅಲ್ಲೇ ನಿಲ್ಲುತ್ತಿತ್ತು. ನಿಂತ ನೀರಿನಲ್ಲಿ ಗಿಡದ ಬೇರು ಕೊಳೆತು ಎಲ್ಲ ಮುಗಿಯುತ್ತಿತ್ತು.

ಹಾಗಾಗಿ ಶಿವರಾತ್ರಿಯಿಂದ ಕಾರಹುಣ್ಣಿಮೆಯೊಳಗೆ ಬೆಳೆದು ಫಲ ಕೊಡುವಂಥದ್ದನ್ನು ಮಾತ್ರ ನಾವು ಬೆಳೆಯಬೇಕಿತ್ತು. ದಂಟು, ಮೆಂತ್ಯ, ಕೊತ್ತಂಬರಿಗೆ ಅಷ್ಟು ಸಾಕು. ದೊಣ್ಣೆಮೆಣಸಿನಕಾಯಿಗೆ ಸಾಲದು. ನನಗೆ ಬೇಕಿದ್ದದ್ದು ದೊಣ್ಣೆಮೆಣಸಿನಕಾಯಿಯೇ.

ಅದಕ್ಕೆ ಕಾರಣ ನಮ್ಮತ್ತೆ. ಅವರು ಹಾವೇರಿ ಕಡೆಯವರು, ಬ್ಯಾಡಗಿ ಮೆಣಸಿನಕಾಯಿಯ ಘಾಟಿನಲ್ಲೇ ಹುಟ್ಟಿ ಬೆಳೆದವರು. ಹೊಟ್ಟೆಯಲ್ಲಿ ಹುಣ್ಣಾಗಿದೆ ಎಂದು ಡಾಕ್ಟರು ಅವರಿಗೆ ಖಾರ ಬಿಡಿಸಿದ್ದರು. ಜೋಳದ ರೊಟ್ಟಿಯ ಪಕ್ಕದಲ್ಲಿ ಕೆಂಪು ಚಟ್ನಿ ಇಲ್ಲದ ತಟ್ಟೆಯನ್ನು ಅವರು ಒಂದು ಗಳಿಗೆ ಸುಮ್ಮನೆ ನೋಡುತ್ತಿದ್ದರು, ಆಮೇಲೆ ತಿನ್ನುತ್ತಿದ್ದರು. ಒಮ್ಮೆ ನಮ್ಮ ಯಜಮಾನರು ಮಾರ್ಕೆಟ್ಟಿನಿಂದ ನಾಲ್ಕು ದೊಣ್ಣೆಮೆಣಸಿನಕಾಯಿ ತಂದರು. ಹುರಿದ ಶೇಂಗಾಪುಡಿ ತುಂಬಿ ಎಣ್ಣೆಗಾಯಿ ಮಾಡಿದೆ. ಅತ್ತೆ ಬಾಯಿಗಿಡುವ ಮೊದಲು ಮೂಸಿ ನೋಡಿದರು.

"ಮೆಣಸಿನಕಾಯಿ ವಾಸನಿ ಐತಿ, ಖಾರ ಇಲ್ಲ! ಇದೆಂಥಾ ಸಾಧು ಮೆಣಸಿನಕಾಯಿನೋ" ಎಂದು ನಕ್ಕು ಎರಡು ರೊಟ್ಟಿ ಹೆಚ್ಚಿಗೆ ತಿಂದರು. ಅವರು ಹಾಗೆ ನಕ್ಕಿದ್ದನ್ನು ನಾನು ಅದಕ್ಕೂ ಮೊದಲು ಬಹಳ ಸಲ ನೋಡಿದ್ದೆ. ಆ ನಗು ನನ್ನ ಕಡೆಗೆ ತಿರುಗಿದ್ದು ಅದೇ ಮೊದಲು.

ಉಳಿದಂತೆ ಆ ನಗುವೆಲ್ಲ ನನ್ನ ಓರಗಿತ್ತಿಯ ಪಾಲಿನದು. ಮೈದುನನ ಹೆಂಡತಿ, ನನಗಿಂತ ಚಿಕ್ಕವಳು, ನೆಲಮಂಗಲದ ಕಡೆಯವಳು. ಅವರಿಬ್ಬರೂ ನಮ್ಮ ಜೊತೆಗೇ ಇದ್ದರು. ಮದುವೆಯಾಗಿ ಬಂದ ಎರಡನೆಯ ವಾರಕ್ಕೇ ಅತ್ತೆಯನ್ನು "ಅವ್ವಾ" ಎಂದು ಕರೆದಳು, ಅದೂ ಅಡುಗೆಮನೆಯಿಂದ ಹಿತ್ತಿಲಿಗೆ ಕೇಳುವಂತೆ ಕೂಗಿ. ನಾನು ಆರು ವರ್ಷದಿಂದ "ಅತ್ತೆ" ಎನ್ನುತ್ತಿದ್ದೆ. ನನ್ನ ತಾಯಿ ನಾನು ಚಿಕ್ಕವಳಿರುವಾಗಲೇ ತೀರಿಕೊಂಡಿದ್ದಳು. ತುಮಕೂರಿನ ಹಾಸ್ಟೆಲ್ಲಿನಲ್ಲಿ ಬೆಳೆದೆ. ಅಲ್ಲಿ ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ಸ್ನಾನ, ಗಂಟೆ ಹೊಡೆದರೆ ಊಟ. ಅದರಿಂದ ಬಹಳ ಒಳ್ಳೆಯದಾಯಿತು. ಇವತ್ತಿಗೂ ನನ್ನ ಮನೆಯಲ್ಲಿ ಹಾಲು ಉಕ್ಕುವುದಿಲ್ಲ, ಬಸ್ಸು ತಪ್ಪುವುದಿಲ್ಲ. ಆದರೆ ಯಾರನ್ನಾದರೂ ಅವ್ವಾ ಎಂದು ಕೂಗಿ ಕರೆಯುವುದನ್ನು ಹಾಸ್ಟೆಲ್ಲಿನಲ್ಲಿ ಯಾರೂ ಕಲಿಸುವುದಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು ಇದು. ಮೈದುನನಿಗೆ ವಿಜಯನಗರದ ಕಡೆ ಸೈಟು ಸಿಕ್ಕಿತ್ತು, ಮನೆ ಏಳುತ್ತಿತ್ತು. ವೈಶಾಖದಲ್ಲಿ ಗೃಹಪ್ರವೇಶ ಎಂದು ಮಾತಾಗಿತ್ತು. ಆಮೇಲೆ ಅತ್ತೆ ಯಾರ ಜೊತೆ ಇರುತ್ತಾರೆ? ಗಂಡಸರಿಬ್ಬರೂ ಇದನ್ನು ಮಾತಾಡಲಿಲ್ಲ. "ಅವ್ವನ ಇಷ್ಟ" ಎಂದು ಕೈತೊಳೆದುಕೊಂಡರು. ನನಗೆ ಮಾತ್ರ ಆ ವರ್ಷವೆಲ್ಲ ಅದೊಂದೇ ಯೋಚನೆ. ಅತ್ತೆ ನನ್ನ ಬಳಿ ಉಳಿಯಬೇಕು. ಅದಕ್ಕೆ ನನ್ನ ಕೈಯಲ್ಲಿ ಏನಿದೆ ಎಂದು ನೋಡಿದರೆ ಆ ಒಂದು ನಗು ಇತ್ತು, ಅದಕ್ಕೆ ಕಾರಣವಾದ ಕಾಯಿ ಇತ್ತು. ರಾಜಾಜಿನಗರದಲ್ಲಿ ಆಗ ಆ ಕಾಯಿ ದಿನಾ ಸಿಗುತ್ತಿರಲಿಲ್ಲ. ಬೆಳೆಯಬೇಕು, ಗೃಹಪ್ರವೇಶಕ್ಕೆ ಮೊದಲೇ ಬೆಳೆಯಬೇಕು.

ಹಿಂದಿನ ವರ್ಷ ಒಮ್ಮೆ ಕೈಸುಟ್ಟುಕೊಂಡಿದ್ದೆ. ಶಿವರಾತ್ರಿ ಕಳೆದ ಮೇಲೆ ನೆಲಕ್ಕೆ ಬೀಜ ಹಾಕಿದ್ದೆ. ಗಿಡ ಹೂ ಬಿಡುವಷ್ಟರಲ್ಲಿ ಮಳೆ ಬಂದು ಹಿತ್ತಿಲು ಕೆರೆಯಾಯಿತು. ಹಾಗಾದರೆ ಬಿಸಿಲು ಹಿತ್ತಿಲಿಗೆ ಬರುವ ಹೊತ್ತಿಗೆ ಸಸಿ ಸಿದ್ಧವಾಗಿರಬೇಕು. ಅಂದರೆ ಚಳಿಗಾಲದಲ್ಲಿ ಮನೆಯೊಳಗೆ ಬೆಳೆಸಬೇಕು. ಲೆಕ್ಕ ನೇರವಾಗಿತ್ತು.

ಒಂದೇ ತೊಡಕು, ನನ್ನ ರಜೆ. ನಾನು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ರೇಡಿಯೋ ಬಿಡಿಭಾಗ ಜೋಡಿಸುವ ಕೆಲಸದಲ್ಲಿದ್ದೆ. ಕರೆಂಟು ಸಾಲದೆ ಕಾರ್ಖಾನೆಗಳ ವಾರದ ರಜೆಯನ್ನು ಬೇರೆ ಬೇರೆ ದಿನಕ್ಕೆ ಹಂಚಿದ್ದರು. ನಮ್ಮ ಪಾಲಿಗೆ ಸೋಮವಾರ ಬಂದಿತ್ತು. ಊರೆಲ್ಲ ಭಾನುವಾರ ಮಲಗಿದ್ದಾಗ ನಾನು ಬುತ್ತಿ ಹಿಡಿದು ಹೊರಡುತ್ತಿದ್ದೆ. ಅತ್ತೆಗೋ ಸೋಮವಾರ ಬಸವಣ್ಣನ ವಾರ. ಅವರ ಊರಿನಲ್ಲಿ ಅವತ್ತು ಎತ್ತಿಗೆ ನೊಗ ಹೂಡುವುದಿಲ್ಲ, ನೆಲ ಕೆದಕುವುದಿಲ್ಲ. ಎತ್ತೂ ಇಲ್ಲದ, ನೇಗಿಲೂ ಇಲ್ಲದ, ಚಾಪೆ ಹಾಸಿದರೆ ಮುಗಿದುಹೋಗುವ ನಮ್ಮ ಹಿತ್ತಿಲಿಗೂ ಅವರು ಅದೇ ನೇಮ ಹಾಕಿದ್ದರು. ನನಗೆ ಬಿಡುವಿರುವ ಒಂದೇ ದಿನ ನಾನು ಮಣ್ಣು ಮುಟ್ಟುವಂತಿಲ್ಲ.

ದೀಪಾವಳಿ ಕಳೆದ ಸೋಮವಾರ ಬೀಜವನ್ನು ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿದೆ. ಅತ್ತೆ ಬಾಗಿಲಲ್ಲಿ ಕೂತು ನೋಡುತ್ತಿದ್ದರು.

"ಏನ ಮಾಡಾಕತ್ತೀ? ಇವತ್ತ ಸ್ವಾಮಾರ."

"ಮಣ್ಣು ಮುಟ್ಟಿಲ್ಲ ಅತ್ತೆ. ಹೆಸರುಕಾಳು ಮೊಳಕೆ ಕಟ್ಟಲ್ವಾ, ಹಂಗೇ ಇದೂ."

ಅತ್ತೆ ಗಂಟನ್ನು ಬೆರಳಲ್ಲಿ ಒತ್ತಿ ನೋಡಿದರು. "ಅರಿವ್ಯಾಗ ಕಟ್ಟೂದಕ್ಕ ಬಸವಣ್ಣ ಏನೂ ಅನ್ನಂಗಿಲ್ಲ. ಆದರ ಈಗೇನು ಅವಸರ? ಛಳಿ ಇನ್ನೂ ಕಣ್ಣ ಬಿಟ್ಟಿಲ್ಲ."

"ಮುಂಚೆ ಹಾಕಿದ್ರೆ ಮುಂಚೆ ಬರುತ್ತೆ ಅತ್ತೆ."

ಹಾಸ್ಟೆಲ್ಲಿನ ಊಟದ ಸಾಲಿನಲ್ಲಿ ಮುಂಚೆ ನಿಂತವರಿಗೇ ಗಟ್ಟಿ ಸಾರು. ಅದು ಸಸಿಗೂ ಅನ್ವಯಿಸುತ್ತದೆ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ.

ಬಚ್ಚಲುಮನೆಯಲ್ಲಿ ಸ್ನಾನದ ಹಂಡೆಗೆ ಮರದ ಹೊಟ್ಟಿನ ಒಲೆ. ಅದರ ಮೇಲಿನ ಗೋಡೆಯಲ್ಲಿ ಸೀಗೆಪುಡಿ ಇಡುವ ಗೂಡು. ಹೊಟ್ಟು ಬೆಳಿಗ್ಗೆ ಹೊತ್ತಿಸಿದರೆ ಮಧ್ಯಾಹ್ನದವರೆಗೂ ಮೆಲ್ಲಗೆ ಉರಿಯುತ್ತಿತ್ತು, ಗೂಡು ಕೋಳಿಯ ಹೊಟ್ಟೆಯ ಹಾಗೆ ಬೆಚ್ಚಗಿರುತ್ತಿತ್ತು. ಬೀಜದ ಗಂಟು ಅಲ್ಲಿಟ್ಟೆ. ತೆಂಗಿನ ಕರಟಗಳನ್ನು ಮೊದಲೇ ಕೂಡಿಸಿಟ್ಟಿದ್ದೆ. ಕರಟದ ಮೆತ್ತಗಿನ ಕಣ್ಣನ್ನು ಮೊಳೆಯಿಂದ ಚುಚ್ಚಿದರೆ ನೀರು ಇಳಿಯಲು ದಾರಿ. ಬೀಜ ಬಾಯಿಬಿಟ್ಟ ಮೇಲೆ ಕೆಲಸದಿಂದ ಬಂದ ಒಂದು ಸಂಜೆ ಮಣ್ಣು, ಸಗಣಿ ಗೊಬ್ಬರ ತುಂಬಿ ಒಂದೊಂದು ಕರಟಕ್ಕೆ ಒಂದೊಂದು ಬೀಜ ಊರಿದೆ. ಮೊಳೆತವನ್ನು ನಡುಮನೆಯ ದಕ್ಷಿಣದ ಕಿಟಕಿಯಲ್ಲಿ ಸಾಲಾಗಿ ಇಟ್ಟೆ. ಚಳಿಗಾಲದಲ್ಲಿ ಮನೆಯೊಳಗೆ ಬಿಸಿಲು ಬರುವುದು ಅಲ್ಲಿಗೆ ಮಾತ್ರ. ದಿನಾ ಬೆಳಿಗ್ಗೆ ಕರಟಗಳನ್ನು ಅರ್ಧ ತಿರುಗಿಸಿ ಕೆಲಸಕ್ಕೆ ಹೊರಡುತ್ತಿದ್ದೆ, ಸಸಿ ಒಂದೇ ಕಡೆ ವಾಲಬಾರದಲ್ಲ.

ಸಂಕ್ರಾಂತಿಯ ಹೊತ್ತಿಗೆ ನನ್ನ ಸಸಿಗಳು ಕಿಟಕಿಯ ಎರಡನೆಯ ಸರಳು ದಾಟಿದ್ದವು. ಎಳ್ಳು ಬೀರಲು ಬಂದ ಹೆಂಗಸರೆಲ್ಲ ನಿಂತು ನೋಡಿದರು. ಅವತ್ತೇ ಓರಗಿತ್ತಿ ಕೇಳಿದಳು:

"ಅಕ್ಕಾ, ಬೀಜ ಇನ್ನೂ ಉಳಿದಿದೆಯಲ್ಲಾ, ನಾನೂ ಒಂದಷ್ಟು ಹಾಕ್ಲಾ?"

"ಹಾಕು. ಆದ್ರೆ ತಡ ಆಯ್ತು ಕಣೇ. ಇನ್ನು ಬಂದಂಗೇ."

"ಬಂದ್ರೆ ಬರ್ಲಿ, ಇಲ್ದಿದ್ರೆ ಕರಟ ತೊಳ್ದು ನಿಮಗೇ ವಾಪಸ್ ಕೊಡ್ತೀನಿ" ಎಂದು ನಕ್ಕಳು.

ನನ್ನ ಬೀಜ, ನನ್ನ ಕರಟ, ನನ್ನ ಗೂಡು. ಕಿಟಕಿಯಲ್ಲಿ ಜಾಗ ಸಾಲದೆ ಅವಳು ತನ್ನ ಕರಟಗಳನ್ನು ಒಂದು ಹಳೆಯ ಮೊರದಲ್ಲಿಟ್ಟು, ಹಗಲಲ್ಲಿ ಮುಂಬಾಗಿಲ ಮೆಟ್ಟಿಲಿಗೆ ಹೊತ್ತೊಯ್ಯುತ್ತಿದ್ದಳು, ಸಂಜೆ ಒಳಗೆ ತರುತ್ತಿದ್ದಳು. ಅವಳ ಜೊತೆ ಅತ್ತೆಯೂ ಮೆಟ್ಟಿಲ ಮೇಲೆ ಬಂದು ಕೂರುತ್ತಿದ್ದರು. ನಾನು ಕೆಲಸದಿಂದ ಬಂದಾಗ ಮೊರದ ಒಂದು ಪಕ್ಕದಲ್ಲಿ ಅತ್ತೆ, ಇನ್ನೊಂದು ಪಕ್ಕದಲ್ಲಿ ಅವಳು. ಒಮ್ಮೊಮ್ಮೆ ಅವಳ ಜಡೆ ಬಿಚ್ಚಿ ಅತ್ತೆ ಎಣ್ಣೆ ಹಚ್ಚುತ್ತಿರುತ್ತಿದ್ದರು. ಬೀದಿ ನೋಡುತ್ತ, ಹೋಗಿಬರುವವರ ಬಗ್ಗೆ ಮಾತಾಡುತ್ತ. ನಾನು ಗೇಟು ತೆರೆದರೆ ಇಬ್ಬರೂ ಮಾತು ನಿಲ್ಲಿಸಿ ಕಾಲು ಮಡಚಿ ದಾರಿ ಬಿಡುತ್ತಿದ್ದರು. ಪಕ್ಕದ ಮನೆಯವರು ಬಂದರೆ ದಾರಿ ಬಿಡುತ್ತಾರಲ್ಲ, ಹಾಗೆ. ನನ್ನ ತಲೆಗೆ ನಾನೇ ಎಣ್ಣೆ ಹಚ್ಚಿಕೊಳ್ಳುತ್ತಿದ್ದೆ, ಸೋಮವಾರ ಬೆಳಿಗ್ಗೆ, ಬಿಗಿಯಾಗಿ ಹೆಣೆದುಕೊಳ್ಳುತ್ತಿದ್ದೆ. ಯಾರನ್ನೂ ಕೇಳಿದವಳಲ್ಲ. ಕೇಳಿದ್ದರೆ ಹಚ್ಚುತ್ತಿದ್ದರೋ ಏನೋ, ಆದರೆ ಓರಗಿತ್ತಿ ಕೇಳುತ್ತಲೇ ಇರಲಿಲ್ಲ. ಹೋಗಿ ಮುಂದೆ ಕೂತುಬಿಡುತ್ತಿದ್ದಳು.

ಶಿವರಾತ್ರಿಗೆ ಇನ್ನೂ ಸ್ವಲ್ಪ ದಿನವಿರುವಾಗ ನನ್ನ ಸಸಿಗಳು ಕರಟದಲ್ಲೇ ಹೂ ಬಿಟ್ಟವು. ಬಿಳಿಯ ಪುಟ್ಟ ಹೂ. ನಾನು ಅವತ್ತು ಕೆಲಸಕ್ಕೆ ಹಾರುತ್ತ ಹೋದೆ. ಸಸಿಗಳು ಉದ್ದಕ್ಕೆ, ತೆಳ್ಳಗೆ ಬೆಳೆದಿದ್ದವು ನಿಜ. ಪೊರಕೆಕಡ್ಡಿ ಊರಿ ದಾರದಿಂದ ಕಟ್ಟಿದ್ದೆ. ಎಲೆ ಸ್ವಲ್ಪ ಹಳದಿ ತಿರುಗಿತ್ತು. ಆದರೆ ಹೂ ಬಂತಲ್ಲ! ಮೊರದಲ್ಲಿದ್ದ ಅವಳ ಸಸಿಗಳು ಆಗ ಗೇಣುದ್ದವೂ ಇರಲಿಲ್ಲ. ಕುಳ್ಳಗೆ, ದಪ್ಪ ಕಾಂಡದವು, ಸ್ಕೂಲಿಗೆ ಸೇರಿದ ಹೊಸ ಮಕ್ಕಳ ಹಾಗೆ.

"ನೋಡಿ ಅತ್ತೆ, ಹೂ ಬಿಟ್ಟಿದೆ" ಎಂದೆ.

ಅತ್ತೆ ಹತ್ತಿರ ಬಂದು ಕರಟ ಎತ್ತಿ ತಳ ನೋಡಿದರು. ಕಣ್ಣಿನ ತೂತಿನಿಂದ ಬಿಳಿಯ ಬೇರು ಹೊರಗೆ ಬಂದು ಸುತ್ತಿಕೊಂಡಿತ್ತು. "ಕಾಲ ಚಾಚಾಕ ಜಾಗ ಇಲ್ಲ ಇದಕ್ಕ ಪಾಪ" ಎಂದು ಮೆಲ್ಲಗೆ ಕೆಳಗಿಟ್ಟರು. ಹೂವಿನ ಬಗ್ಗೆ ಏನೂ ಹೇಳಲಿಲ್ಲ. ನನಗೆ ಸಿಟ್ಟು ಬಂತು. ಅದೇ ಹೂ ಮೊರದಲ್ಲಿ ಬಿಟ್ಟಿದ್ದರೆ ಬೀದಿಯವರನ್ನೆಲ್ಲ ಕರೆಯುತ್ತಿದ್ದರು ಎಂದುಕೊಂಡೆ.

ಶಿವರಾತ್ರಿಯ ಮರುದಿನ ಅರ್ಧ ದಿನದ ರಜೆ ಹಾಕಿ ಸಸಿಗಳನ್ನು ಹಿತ್ತಿಲಿಗೆ ನೆಟ್ಟೆ. ಎರಡು ಸಾಲು. ಗೋಡೆಯ ಪಕ್ಕದ, ಬಿಸಿಲು ಮೊದಲು ಬೀಳುವ ಸಾಲು ನನ್ನದು. ಈಚೆಯ ಸಾಲು ಅವಳದು. ನನ್ನ ಗಿಡಗಳಲ್ಲಿ ಆಗಲೇ ಬಟಾಣಿಯಷ್ಟು ಕಾಯಿ ಕಚ್ಚಿದ್ದವು, ಅವುಗಳನ್ನು ಹಾಗೇ ಬಿಟ್ಟೆ. ಕೈಗೆ ಬಂದದ್ದನ್ನು ಯಾರಾದರೂ ಕಿತ್ತೆಸೆಯುತ್ತಾರೆಯೇ?

ಎಸೆಯಬೇಕಿತ್ತು ಎಂದು ಈಗ ಗೊತ್ತು. ಕಿಟಕಿಯಲ್ಲಿ ಮೂರು ತಿಂಗಳಿಗೂ ಮೇಲೆ ಇಕ್ಕಟ್ಟಿನಲ್ಲಿದ್ದ ಗಿಡ ತನ್ನ ಕಾಲ ಮುಗಿಯಿತೆಂದು ತಿಳಿದು ಹೂ ಬಿಟ್ಟಿತ್ತು. ನೆಲಕ್ಕೆ ಬಂದ ಮೇಲೂ ಅದು ಬೇರು ಬಿಡಲಿಲ್ಲ, ಚಿಗುರಲಿಲ್ಲ. ಇದ್ದ ಒಂದೊಂದು ಕಾಯಿಯನ್ನೇ ಹಿಡಿದುಕೊಂಡು ನಿಂತುಬಿಟ್ಟಿತು. ಸಂಕ್ರಾಂತಿಗೆ ಹಾಕಿದ ಅವಳ ಸಸಿ ನೆಡುವ ಹೊತ್ತಿಗೆ ಸರಿಯಾದ ವಯಸ್ಸಿನಲ್ಲಿತ್ತು. ಅವಳೇನೂ ಯೋಚಿಸಿ ಹಾಕಿದವಳಲ್ಲ. ಎಳ್ಳು ಬೀರುವ ಸಡಗರದಲ್ಲಿ ನೆನಪಾಯಿತು, ಹಾಕಿದಳು. ಅದು ನನ್ನನ್ನು ಇನ್ನಷ್ಟು ಉರಿಸಿತು.

ಯುಗಾದಿಗೆ ನಾನು ನನ್ನ ಕಾಯಿಗಳನ್ನು ಕಿತ್ತೆ. ನಿಂಬೆಹಣ್ಣಿನ ಗಾತ್ರ, ಸಿಪ್ಪೆ ತೊಗಲಿನ ಹಾಗೆ. ಆದರೂ ಮೊದಲ ಫಸಲು ನನ್ನದೇ. ಶೇಂಗಾಪುಡಿ ಹಿಡಿಸುವಷ್ಟು ಹೊಟ್ಟೆ ಅವಕ್ಕಿರಲಿಲ್ಲ, ಹೆಚ್ಚಿ ಪಲ್ಯ ಮಾಡಿದೆ. ಒಂದು ಸೌಟಾಯಿತು. ಅಷ್ಟನ್ನೂ ಅತ್ತೆಯ ತಟ್ಟೆಗೆ ಹಾಕಿದೆ.

"ಚೊಲೋ ಐತಿ" ಎಂದರು ಅತ್ತೆ.

ಬಸ್ಸಿನಲ್ಲಿ ಜಾಗ ಬಿಟ್ಟುಕೊಟ್ಟವರಿಗೆ ಅವರು ಇದೇ ದನಿಯಲ್ಲಿ ಒಳ್ಳೇದಾಗಲಿ ಅನ್ನುತ್ತಿದ್ದರು.

ಆಮೇಲೆ ಅವಳ ಸಾಲು ಬಂತು. ಗಿಡ ನನ್ನ ಮೊಣಕಾಲಿಗೆ ಬಂದು, ಅಗಲಕ್ಕೆ ಕವಲೊಡೆದು, ಎಲೆಯ ಕೆಳಗೆ ಮುಷ್ಟಿ ಗಾತ್ರದ ಕಾಯಿ ತೂಗಿದವು. ನಾನು ನೀರು ಹಿಡಿಯಲು ಎದ್ದಾಗ ದಿನಾ ಮೊದಲು ಕಣ್ಣಿಗೆ ಬೀಳುತ್ತಿದ್ದದ್ದು ಅವೇ. ನೋಡಬಾರದೆಂದುಕೊಂಡರೂ ನೋಡುತ್ತಿದ್ದೆ. ಅವಳು ಎಣ್ಣೆಗಾಯಿ ಮಾಡಿದ ದಿನ ಅತ್ತೆ ಹಿಂದಿನಂತೆಯೇ ಮೂಸಿ, ಹಿಂದಿನಂತೆಯೇ ನಕ್ಕರು.

"ನನ್ನ ಕೈಗುಣ ಹೆಂಗೆ ಅವ್ವಾ?" ಎಂದಳು ಅವಳು.

"ಕೈಗುಣ ಅಲ್ಲಬೇ, ನಿನ್ನ ಬಾಯಿಗುಣ. ಗಿಡದ ಮುಂದ ಕುಂತು ಅಷ್ಟು ಮಾತಾಡಿದರ ಕಲ್ಲೂ ಕಾಯಿ ಬಿಡತೈತಿ."

ಎಲ್ಲರೂ ನಕ್ಕರು. ನಮ್ಮ ಯಜಮಾನರೂ ನಕ್ಕರು. ನಾನು ರೊಟ್ಟಿ ಬಡಿಯಲು ಒಳಗೆ ಹೋದೆ. ಅವತ್ತಿನ ರೊಟ್ಟಿ ಬಹಳ ತೆಳ್ಳಗೆ ಬಂದವು.

ವೈಶಾಖದಲ್ಲಿ ಗೃಹಪ್ರವೇಶವಾಯಿತು. ವಿಜಯನಗರದ ಆ ಮನೆಯ ಸುತ್ತ ಆಗ ಬಯಲೇ ಹೆಚ್ಚು. ನೆರಳು ಹಾಕುವ ಮಹಡಿ ಒಂದೂ ಇರಲಿಲ್ಲ. ನಾಲ್ಕೂ ಕಡೆ ಮಣ್ಣು, ವರ್ಷವಿಡೀ ಬಿಸಿಲು. ಅತ್ತೆ ಚಪ್ಪಲಿ ಬಿಟ್ಟು ಮನೆಯ ಸುತ್ತ ಒಂದು ಸುತ್ತು ನಡೆದು ಬಂದರು. ಅವರ ಮುಖ ನೋಡಿದಾಗಲೇ ನನಗೆ ತಿಳಿಯಿತು. ಸಂಜೆ ಹೇಳಿದರು:

"ನಾ ಇಲ್ಲೇ ಸಣ್ಣಾಕಿ ಕೂಡ ಇರತೀನವ್ವ. ಇಲ್ಲಿ ಮಣ್ಣು ಭಾಳ ಐತಿ. ನನ್ನ ಕೈಗೆ ಕೆಲಸ ಬೇಕು."

"ಆಗಲಿ ಅತ್ತೆ" ಎಂದೆ. ರಾಜಾಜಿನಗರಕ್ಕೆ ಮರಳಿ ಅವರ ಪೆಟ್ಟಿಗೆಯನ್ನು ನಾನೇ ಜೋಡಿಸಿದೆ. ಸೀರೆ ಒಂದು ಕಡೆ, ಲಿಂಗಪೂಜೆಯ ಸಾಮಾನು ಒಂದು ಕಡೆ, ಹೊಟ್ಟೆಯ ಔಷಧಿ ಮೇಲೆ, ಕೈಗೆ ಸಿಗುವಂತೆ. ಮೂಲೆಗಳಲ್ಲಿ ಒಂದು ಬೆರಳಿನಷ್ಟೂ ಜಾಗ ಉಳಿಯಲಿಲ್ಲ. ಓರಗಿತ್ತಿ ಹೊರಡುವಾಗ ಹಿತ್ತಿಲಿಗೆ ಹೋಗಿ ಬಂದು, "ಅಕ್ಕಾ, ನನ್ ಗಿಡಕ್ಕೆ ನೀವೇ ನೀರ್ ಹಾಕ್ಬೇಕು. ಇನ್ನೂ ಕಾಯಿ ಇದೆ" ಎಂದಳು.

ಅವಳಿಗೆ ಅತ್ತೆ, ನನಗೆ ಅವಳ ಗಿಡ. ಹಿತ್ತಿಲಿನ ಕದ ಹಾಕಿಕೊಂಡು ಒಂದಷ್ಟು ಹೊತ್ತು ನಿಂತಿದ್ದೆ. ಆಮೇಲೆ ನೀರು ಹಾಕಿದೆ. ದಿನವೂ ಹಾಕಿದೆ. ಹಾಕುವ ಹೊತ್ತಿಗೆ ಹಾಕದಿದ್ದರೆ ನನಗೆ ಊಟ ಸೇರುವುದಿಲ್ಲ, ಗಿಡ ಯಾರದ್ದಾದರೇನು. ಮಾತು ಮಾತ್ರ ಆಡಲಿಲ್ಲ. ಆದರೂ ಕಾಯಿ ಬಿಟ್ಟವು.

ಎರಡು ವಾರ ಕಳೆಯಿತು. ಸೋಮವಾರ ಬೆಳಿಗ್ಗೆ ನಾನು ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಾಗ ಗೇಟಿನ ಸದ್ದಾಯಿತು. ನೋಡಿದರೆ ಅತ್ತೆ, ಕೈಯಲ್ಲಿ ಬಟ್ಟೆಯ ಚೀಲ, ಒಬ್ಬರೇ.

"ಏನಾಯ್ತು ಅತ್ತೆ? ಎಲ್ಲ ಚೆನ್ನಾಗಿದಾರಾ?" ಗಾಬರಿಯಾಯಿತು ನನಗೆ.

"ಆಗೂದೇನ? ಇವತ್ತ ಸ್ವಾಮಾರ. ಅಲ್ಲಿ ಮಣ್ಣ ಮುಟ್ಟಂಗಿಲ್ಲ. ಕೈ ಕಟಗೊಂಡು ಕುಂತರ ನನಗ ತಲಿ ಕೆಡತೈತಿ. ನೀ ಮನ್ಯಾಗ ಇರತೀ ಅಂತ ಬಂದೆ."

ಹಿತ್ತಿಲಿಗೆ ಹೋಗಿ ಗಿಡ ನೋಡಿದರು. ಕಾಯಿ ಕೀಳುವುದಕ್ಕೆ ಬಸವಣ್ಣನ ಅಡ್ಡಿಯಿಲ್ಲವೆಂದು ತಾವೇ ತೀರ್ಮಾನಿಸಿ ನಾಲ್ಕು ಕಿತ್ತರು. ಅವಕ್ಕೆ ನಾನು ಶೇಂಗಾಪುಡಿ ತುಂಬಿದೆ. ಸೋಮವಾರ ಅತ್ತೆಗೆ ಒಪ್ಪತ್ತು, ದಿನಕ್ಕೆ ಒಂದೇ ಊಟ. ಮೊದಲೆಲ್ಲ ನಾನು ಮನೆಯಲ್ಲಿರುವ ಒಂದೇ ದಿನ ಅವರಿಗೆ ಅಡುಗೆಯೇ ಕಡಿಮೆಯೆಂದು ನನಗೆ ಹೊಟ್ಟೆ ಉರಿಯುತ್ತಿತ್ತು. ಇವತ್ತು ಆ ಒಂದೇ ಊಟ ನನ್ನ ಒಲೆಯದು. ಮೂಸಿ ನೋಡಿದರು, ತಿಂದರು, ಇನ್ನೊಂದು ರೊಟ್ಟಿ ಕೇಳಿದರು. ಊಟವಾದ ಮೇಲೆ ನನ್ನ ಅರ್ಧ ಹೆಣೆದ ಜಡೆ ನೋಡಿ, "ಇದೇನ ಹಗ್ಗ ಹೊಸದಂಗ ಹೊಸದೀ? ಬಾ ಇಲ್ಲಿ" ಎಂದರು. ಹೋಗಿ ಮುಂದೆ ಕೂತೆ.

ಮುಂದಿನ ಸೋಮವಾರವೂ ಬಂದರು. ಅದರ ಮುಂದಿನದೂ. ಕಾರಹುಣ್ಣಿಮೆ ಬಂತು, ಮಳೆ ಹಿಡಿಯಿತು, ಹಿತ್ತಿಲಿನಲ್ಲಿ ನೀರು ನಿಂತು ಗಿಡಗಳೆಲ್ಲ ಹೋದವು, ನನ್ನ ಸಾಲೂ ಅವಳ ಸಾಲೂ. ಆದರೂ ಸೋಮವಾರ ಗೇಟಿನ ಸದ್ದಾಗುತ್ತಿತ್ತು. ಕೊಡೆ ಮಡಚಿ ಮೂಲೆಗಿಟ್ಟು, "ಒಲಿ ಹಚ್ಚೀಯೇನ?" ಎನ್ನುತ್ತಿದ್ದರು. ವಾರದ ಆರು ದಿನ ಅವಳದು ಎಂಬುದನ್ನು ನಾನು ಮರೆತಿದ್ದೆನೆಂದಲ್ಲ. ಆರು ದಿನ ಅವರು ಅಲ್ಲಿ ಏನು ಮಾತಾಡುತ್ತಾರೋ, ಯಾವ ಗಿಡ ನೆಡುತ್ತಾರೋ, ಯಾರ ಜಡೆ ಹಾಕುತ್ತಾರೋ ಎಂದು ಬಿಡಿಭಾಗ ಜೋಡಿಸುವಾಗಲೂ ಯೋಚಿಸುತ್ತಿದ್ದೆ.

ಶ್ರಾವಣದಲ್ಲಿ ಒಂದು ಸಂಜೆ, ಅತ್ತೆ ಸೋಮವಾರ ನಮ್ಮಲ್ಲಿ ಮರೆತುಹೋಗಿದ್ದ ಔಷಧಿ ತೆಗೆದುಕೊಂಡು ಹೋಗಲು ಓರಗಿತ್ತಿ ಬಂದಳು. ಮೆಟ್ಟಿಲ ಮೇಲೆ ಕೂತು ಕಾಫಿ ಕುಡಿದವಳು ಲೋಟ ನನ್ನ ಕೈಗೆ ಕೊಡುತ್ತಲೇ ಹೇಳಿದಳು:

"ಅಕ್ಕಾ, ಅವ್ವ ಸೋಮವಾರ ನಮ್ಮನೇಲಿ ಒಂದು ತುತ್ತೂ ಮುಟ್ಟಲ್ಲ. ಬೆಳಿಗ್ಗೆನೇ ಚೀಲ ಹಿಡ್ಕೊಂಡು ರೆಡಿ. ನಿಮ್ಮ ಎಣ್ಣೆಗಾಯಿ ಥರ ನಂಗೆ ಬರಲ್ವಂತೆ."

"ಹಂಗಂದ್ರಾ?" ಎಂದೆ. ಲೋಟ ತೊಳೆಯುವ ನೆಪದಲ್ಲಿ ಮುಖ ಒಳಗೆ ತಿರುಗಿಸಿಕೊಂಡೆ.

"ಹೂಂ. ನನಗೆ ಹೊಟ್ಟೆ ಉರಿಯುತ್ತೆ ಅಕ್ಕಾ, ನಿಜ ಹೇಳ್ತೀನಿ. ಮುಂದಿನ ಸೋಮವಾರ ನಾನೂ ಅವರ ಜೊತೆ ಬಂದ್ಬಿಡ್ತೀನಿ. ಮೂರೂ ಜನ ಕೂತು ಊಟ ಮಾಡೋಣ."

ಅವಳಿಗೆ ಹೊಟ್ಟೆ ಉರಿದರೆ ಹೀಗೆ ಲೋಟದ ಕಾಫಿಯ ಜೊತೆಗೇ ಹೇಳಿಬಿಡುತ್ತಾಳೆ. ನನಗೆ ಅದೂ ಬರುವುದಿಲ್ಲ.

"ಸೋಮವಾರ ಬಸ್ ತುಂಬಾ ರಶ್ ಕಣೇ" ಎಂದೆ. "ಭಾನುವಾರ ಬಾ."

ಭಾನುವಾರ ನಾನು ಕಾರ್ಖಾನೆಯಲ್ಲಿರುತ್ತೇನೆ ಎಂಬುದು ಅವಳಿಗೆ ಗೊತ್ತಿತ್ತು. ಒಂದು ಗಳಿಗೆ ನನ್ನನ್ನು ನೋಡಿದಳು, ಆಮೇಲೆ ಜೋರಾಗಿ ನಕ್ಕುಬಿಟ್ಟಳು. ನಗುತ್ತಲೇ ಔಷಧಿಯ ಸೀಸೆ ಚೀಲಕ್ಕೆ ಹಾಕಿಕೊಂಡು ಹೊರಟಳು. ಆ ಸೋಮವಾರ ಅತ್ತೆ ಒಬ್ಬರೇ ಬಂದರು.